ಮರೆಯೂ ಗುರುತೂ

ಪಾಂಡವರ ಅಜ್ಞಾತವಾಸದ ಕಥೆಯನ್ನು ಕೇಳದ ಕನ್ನಡಿಗರು ವಿರಳ. ಹನ್ನೆರಡು ವರ್ಷಗಳ ವನವಾಸ ಮುಗಿದ ಮೇಲೆ ಅವರು ಒಂದು ವರ್ಷಕಾಲ ವೈರಿಗಳ ಕಣ್ಣಿಗೆ ಬೀಳದಂತೆ ವಿರಾಟನ ನಗರದಲ್ಲಿ ಬಾಳಬೇಕಾಗಿತ್ತು. ಗಾಂಡೀವಧಾರಿಯಾದ ಅರ್ಜುನನು ಬೃಹನ್ನಳೆಯಾಗಿ ಅಂತಃಪುರದ ಹೆಣ್ಣುಮಕ್ಕಳಿಗೆ ನಾಟ್ಯವನ್ನು ಕಲಿಸಿದನು. ಅವನ ಆಯುಧಗಳು ಬನ್ನಿಮರದ ಕೊಂಬೆಗಳ ನಡುವೆ ಅಡಗಿ ಕುಳಿತುವು. ಆದರೆ ಗೋಗ್ರಹಣದ ಸಮಯದಲ್ಲಿ ಕೌರವಸೇನೆಯನ್ನು ಎದುರಿಸಬೇಕಾಗಿ ಬಂದಾಗ ಅದೇ ಅರ್ಜುನನು ಉತ್ತರಕುಮಾರನ ರಥದ ಮೇಲಿದ್ದ ಸಿಂಹಧ್ವಜವನ್ನು ಇಳಿಸಿ, ತನ್ನದೇ ಆದ ಕಪಿಧ್ವಜವನ್ನು ಏರಿಸಿದನು. ಆಮೇಲೆಯೇ ಬಾಣವನ್ನು ತೊಟ್ಟನು. ಅಡಗಿರಬೇಕಾದಾಗ ಅಡಗಿದವನು, ಕಾದಬೇಕಾದಾಗ ತಾನು ಯಾರೆಂಬುದನ್ನು ಮರೆಮಾಡಲಿಲ್ಲ.

ಯೋಧನಿಗೆ ಈ ಎರಡೂ ಬೇಕು. ಶತ್ರುವಿನ ಕಣ್ಣಿಗೆ ಬೀಳದಿರಲು ಮರೆ ಬೇಕು. ತನ್ನವರು ತನ್ನನ್ನು ಗುರುತಿಸಲು ಲಾಂಛನ ಬೇಕು. ಮರೆ ಹೆಚ್ಚಿದಷ್ಟೂ ಗುರುತು ಮಸುಕಾಗುತ್ತದೆ; ಗುರುತು ಎದ್ದು ಕಂಡಷ್ಟೂ ಮರೆ ಹರಿದುಹೋಗುತ್ತದೆ. ಪರಸ್ಪರ ವಿರುದ್ಧವಾದ ಈ ಎರಡು ಅಗತ್ಯಗಳನ್ನು ಒಂದೇ ಮೈಮೇಲೆ ಹೊಂದಿಸಿಕೊಳ್ಳಬೇಕಾದ ಕಷ್ಟ ಯುದ್ಧವಿಮಾನಕ್ಕೆ ಬಂದಷ್ಟು ತೀವ್ರವಾಗಿ ಬೇರಾವ ಯುದ್ಧಸಾಧನಕ್ಕೂ ಬಂದಿಲ್ಲ. ಆಕಾಶದಲ್ಲಿ ಅವಿತುಕೊಳ್ಳಲು ಮರವಿಲ್ಲ, ಬಂಡೆಯಿಲ್ಲ. ಗಂಟೆಗೆ ನೂರಾರು ಕಿಲೋಮೀಟರ್ ವೇಗದಲ್ಲಿ ಬರುತ್ತಿರುವುದು ಮಿತ್ರನೋ ಶತ್ರುವೋ ಎಂಬುದನ್ನು ಕೆಲವೇ ಕ್ಷಣಗಳಲ್ಲಿ ನಿರ್ಣಯಿಸಬೇಕು. ವಿಮಾನದ ಮೈಬಣ್ಣದ ಇತಿಹಾಸವೆಂದರೆ ಈ ಎರಡು ಅಗತ್ಯಗಳ ನಡುವಣ ಜಗ್ಗಾಟದ ಇತಿಹಾಸವೇ ಆಗಿದೆ. ಆ ಇತಿಹಾಸದ ಹಲವು ಪುಟಗಳು ನಮ್ಮ ಬೆಂಗಳೂರಿನಲ್ಲಿಯೇ ಬರೆಯಲ್ಪಟ್ಟಿವೆಯೆಂಬುದು ಗಮನಾರ್ಹ.

ಮರೆಯಾಗುವ ವಿದ್ಯೆಯಲ್ಲಿ ಮನುಷ್ಯನಿಗೆ ಗುರು ಪ್ರಕೃತಿಯೇ. ಬೆಂಗಳೂರಿನ ಪದ್ಮನಾಭನಗರದ ಯಾವುದಾದರೂ ಮನೆಯ ತಾರಸಿಯ ಮೇಲೆ ನಿಂತು, ಬಾನಿನಲ್ಲಿ ಸುತ್ತುಹಾಕುವ ಹದ್ದನ್ನು ನೋಡಿರಿ. ಹದ್ದಿನ ಗರಿ ವಾಸ್ತವವಾಗಿ ಕಂದುಬಣ್ಣದ್ದು. ಆದರೆ ಕೆಳಗಿನಿಂದ ನೋಡುವವರಿಗೆ ಅದು ಕಪ್ಪು ಕಾಗದದಲ್ಲಿ ಕತ್ತರಿಸಿದ ಆಕೃತಿಯಂತೆ ಕಾಣುತ್ತದೆ. ಹಿಂದಿರುವ ಆಕಾಶ ಬೆಳಕಿನಿಂದ ತುಂಬಿರುವುದೂ, ಹಕ್ಕಿಯ ಕೆಳಮೈ ನೆರಳಿನಲ್ಲಿರುವುದೂ ಇದಕ್ಕೆ ಕಾರಣ. ಅದೇ ಹದ್ದು ಒಣನೆಲದ ಮೇಲೆ ಕುಳಿತಾಗ ಹತ್ತಿರ ಹೋಗುವವರೆಗೂ ಕಣ್ಣಿಗೆ ಬೀಳದು. ಜಿಂಕೆಯ ಬೆನ್ನು ಕಂದು, ಹೊಟ್ಟೆ ಬಿಳುಪು. ಕೆರೆಯ ಮೀನಿನ ಬೆನ್ನು ಕಪ್ಪುಛಾಯೆಯದು, ಹೊಟ್ಟೆ ಬೆಳ್ಳಗಿನದು. ಮೇಲಿನಿಂದ ನೋಡುವ ಮಿಂಚುಳ್ಳಿಗೆ ಮೀನಿನ ಬೆನ್ನು ಕೆರೆಯ ತಳದ ಕಪ್ಪಿನಲ್ಲಿ ಕರಗಿಹೋಗುತ್ತದೆ; ಕೆಳಗಿನಿಂದ ನೋಡುವ ದೊಡ್ಡ ಮೀನಿಗೆ ಅದರ ಹೊಟ್ಟೆ ನೀರ ಮೇಲಣ ಬೆಳಕಿನಲ್ಲಿ ಬೆರೆತುಹೋಗುತ್ತದೆ. ಬಿಸಿಲು ಬಿದ್ದು ಬೆಳಗುವ ಬೆನ್ನು ಕಪ್ಪಾಗಿದ್ದು, ನೆರಳಿನಲ್ಲಿರುವ ಹೊಟ್ಟೆ ಬಿಳುಪಾಗಿದ್ದರೆ ಮೈಯ ಉಬ್ಬುತಗ್ಗುಗಳು ಅಳಿದು, ಪ್ರಾಣಿ ಚಪ್ಪಟೆಯಾಗಿ ಕಾಣುತ್ತದೆ. ಅಮೆರಿಕದ ಚಿತ್ರಕಾರ ಆಬಟ್ ಥೇಯರ್ 1909ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಈ ತತ್ತ್ವವನ್ನು ವಿವರಿಸಿದನು. ಇನ್ನೊಂದು ತತ್ತ್ವವೂ ಉಂಟು. ಚಿರತೆಯ ಚುಕ್ಕೆಗಳೂ ಹುಲಿಯ ಪಟ್ಟೆಗಳೂ ಆ ಪ್ರಾಣಿಯ ಅಂಚುಗಳನ್ನು ಒಡೆದು, ಇಡೀ ಆಕಾರವು ಒಂದಾಗಿ ಕಾಣದಂತೆ ಮಾಡುತ್ತವೆ. ಯುದ್ಧವಿಮಾನಕ್ಕೆ ಹಚ್ಚುವ ಮರೆಬಣ್ಣದ ಮೂಲಸೂತ್ರಗಳು ಇವೇ. ಪ್ರಪಂಚದಾದ್ಯಂತ ಇದಕ್ಕೆ ಕ್ಯಾಮೊಫ್ಲಾಜ್ ಎಂಬ ಫ್ರೆಂಚ್ ಮೂಲದ ಮಾತು ಬಳಕೆಯಲ್ಲಿದೆ.

ಆಶ್ಚರ್ಯದ ಸಂಗತಿಯೆಂದರೆ, ವಿಮಾನಕ್ಕೆ ಮರೆಗಿಂತ ಮುಂಚೆ ಬೇಕಾದದ್ದು ಗುರುತು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ನೆಲದ ಮೇಲಿನ ಸೈನಿಕರು ವಿಮಾನವನ್ನು ಕಂಡವರಲ್ಲ. ತಲೆಯ ಮೇಲೆ ಏನೇ ಹಾರಿದರೂ ಅದು ಶತ್ರುವಿನದೆಂದೇ ಬಗೆದು ಬಂದೂಕನ್ನೆತ್ತುತ್ತಿದ್ದರು. ಶತ್ರುವಿನ ಗುಂಡಿನಿಂದ ಪಾರಾಗಿ ಬಂದ ವಿಮಾನ ತನ್ನವರ ಗುಂಡಿಗೆ ಗುರಿಯಾಗುವ ದುರವಸ್ಥೆ ಒದಗಿತು. ಬ್ರಿಟಿಷರು ತಮ್ಮ ವಿಮಾನಗಳ ರೆಕ್ಕೆಗಳ ಮೇಲೆ ರಾಷ್ಟ್ರಧ್ವಜವನ್ನು ಬರೆದರು. ಆದರೆ ಎತ್ತರದಲ್ಲಿ ಆ ಧ್ವಜದ ಉಳಿದ ವಿವರಗಳೆಲ್ಲ ಅಳಿಸಿಹೋಗಿ ನಡುವಣ ಶಿಲುಬೆಯೊಂದೇ ಉಳಿಯುತ್ತಿತ್ತು. ಜರ್ಮನರ ಗುರುತೂ ಶಿಲುಬೆಯೇ ಆಗಿತ್ತು! ಗುರುತು ಇದ್ದೂ ಇಲ್ಲದಂತಾಯಿತು. ಆಗ ಅವರು ಮಿತ್ರರಾದ ಫ್ರೆಂಚರ ಮಾರ್ಗವನ್ನು ಹಿಡಿದರು. ಫ್ರೆಂಚರು 1912ರಿಂದಲೇ ಒಂದರೊಳಗೊಂದು ಅಡಗಿದ ಮೂರು ವೃತ್ತಗಳನ್ನು ಬಳಸುತ್ತಿದ್ದರು: ನಡುವೆ ನೀಲಿ, ಅದರ ಸುತ್ತ ಬಿಳಿ, ಹೊರಗೆ ಕೆಂಪು. 1914ರ ಅಂತ್ಯದ ವೇಳೆಗೆ ಬ್ರಿಟಿಷರು ಆ ಕ್ರಮವನ್ನು ತಿರುವುಮುರುವಾಗಿಸಿ, ಕೆಂಪನ್ನು ನಡುವೆಯೂ ನೀಲಿಯನ್ನು ಹೊರಗೂ ಇಟ್ಟರು. ವೃತ್ತವನ್ನು ಯಾವ ದಿಕ್ಕಿನಿಂದ ನೋಡಿದರೂ ಅದು ವೃತ್ತವೇ. ಇಂದು ಪ್ರಪಂಚದ ಬಹುಪಾಲು ವಾಯುಪಡೆಗಳು ವೃತ್ತಲಾಂಛನವನ್ನು ಧರಿಸಿರುವುದರ ಬೇರು ಇಲ್ಲಿದೆ.

ಗುರುತಿನ ಬೆನ್ನಲ್ಲಿಯೇ ಮರೆಯೂ ಬಂದಿತು. ಆ ಕಾಲದ ವಿಮಾನಗಳು ಮರದ ಚೌಕಟ್ಟಿನ ಮೇಲೆ ಅಗಸೆನಾರಿನ ಬಟ್ಟೆಯನ್ನು ಬಿಗಿದು ಮಾಡಿದವು. ಬಟ್ಟೆಯನ್ನು ಬಿಗಿಗೊಳಿಸಲು ಡೋಪ್ ಎಂಬ ಲೇಪವನ್ನು ಬಳಿಯುತ್ತಿದ್ದರು. ಬಿಸಿಲಿನ ಕಿರಣಗಳಿಂದ ಬಟ್ಟೆ ಬೇಗನೆ ಶಿಥಿಲವಾಗುತ್ತಿದ್ದುದರಿಂದ ಆ ಲೇಪಕ್ಕೆ ಬಣ್ಣವನ್ನು ಬೆರೆಸತೊಡಗಿದರು. ಬ್ರಿಟಿಷರು ಬಳಸಿದ ಕಂದುಮಿಶ್ರಿತ ಹಸಿರು ಬಣ್ಣವು ಬಟ್ಟೆಯನ್ನೂ ಕಾಪಾಡಿತು, ನೆಲದ ಮೇಲೆ ನಿಂತ ವಿಮಾನವನ್ನೂ ಮರೆಮಾಡಿತು. ಜರ್ಮನರು ಬಹುಕೋನಾಕೃತಿಯ ಬಣ್ಣದ ತುಂಡುಗಳನ್ನು ಬಟ್ಟೆಯ ಮೇಲೆಯೇ ಅಚ್ಚುಹಾಕಿಸಿ ವಿಮಾನಕ್ಕೆ ಹೊದಿಸಿದರು. ಇದಕ್ಕೆ ವ್ಯತಿರಿಕ್ತವಾಗಿ ಅವರದೇ ಸೇನೆಯ ಮಾನ್‌ಫ್ರೆಡ್ ಫಾನ್ ರಿಕ್ಟೋಫನ್ ಎಂಬ ವೀರ ತನ್ನ ವಿಮಾನಕ್ಕೆ ಕಡುಗೆಂಪು ಬಳಿಸಿ, ತಾನು ಬರುತ್ತಿರುವೆನೆಂಬುದನ್ನು ಮುಗಿಲಿಗೇ ಸಾರಿದನು. ಒಂದೇ ಸೇನೆಯಲ್ಲಿ ಒಬ್ಬರು ಬಣ್ಣದಿಂದ ಅಡಗಿದರು, ಇನ್ನೊಬ್ಬನು ಬಣ್ಣದಿಂದ ಮೆರೆದನು.

ಈ ಕಥೆ ಬೆಂಗಳೂರಿಗೆ ಬಂದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಉದ್ಯಮಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದರು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲರು ಇದಕ್ಕೆ ಒತ್ತಾಸೆಯಾಗಿ ನಿಂತರು. ಸಂಸ್ಥಾನವು ಭೂಮಿಯನ್ನೂ ಬಂಡವಾಳವನ್ನೂ ಒದಗಿಸಿತು. 1941ರಲ್ಲಿ ಹಾರ್ಲೋ ಎಂಬ ತರಬೇತಿ ವಿಮಾನವೂ, 1942ರಲ್ಲಿ ಕರ್ಟಿಸ್ ಹಾಕ್ ಎಂಬ ಯುದ್ಧವಿಮಾನವೂ ಇಲ್ಲಿ ಜೋಡಣೆಗೊಂಡು ಮೇಲೆದ್ದುವು. 1943ರಲ್ಲಿ ಕಾರ್ಖಾನೆಯ ಆಡಳಿತವು ಅಮೆರಿಕದ ಸೇನಾ ವಾಯುಪಡೆಗೆ ವಹಿಸಲ್ಪಟ್ಟಿತು. ಪೂರ್ವದ ರಣರಂಗದ ವಿಮಾನಗಳು ದುರಸ್ತಿಗಾಗಿ ಬೆಂಗಳೂರಿಗೆ ಬರತೊಡಗಿದುವು. ಮೈಸೂರು ಸೀಮೆಯ ಕುಶಲ ಕಾರ್ಮಿಕರ ಕೈಯಲ್ಲಿ ಯಂತ್ರದೊಡನೆ ವಿಮಾನದ ಹೊರಮೈಯೂ ಹೊಸತಾಗುತ್ತಿತ್ತು.

ಪೂರ್ವದ ರಣರಂಗದಲ್ಲಿ ಆಗ ಒಂದು ಸಣ್ಣ ಕೆಂಪು ಬೊಟ್ಟು ದೊಡ್ಡ ತೊಡಕನ್ನು ತಂದೊಡ್ಡಿತ್ತು. ಜಪಾನಿನ ಲಾಂಛನ ಉದಯಸೂರ್ಯನನ್ನು ಸೂಚಿಸುವ ಕೆಂಪು ಬಿಂಬ. ಬ್ರಿಟಿಷ್ ವೃತ್ತದ ನಡುವಣ ಭಾಗವೂ ಕೆಂಪು. ಅಮೆರಿಕದ ಬಿಳಿಯ ನಕ್ಷತ್ರದ ನಡುವಣ ಬೊಟ್ಟೂ ಕೆಂಪು. ಗುಂಡಿನ ಮಳೆಯ ನಡುವೆ ಕೆಂಪನ್ನು ಕಂಡ ಯೋಧನಿಗೆ ಸುತ್ತಲಿನ ನೀಲಿಯನ್ನು ನೋಡುವ ವ್ಯವಧಾನವೆಲ್ಲಿಯದು? ಅಮೆರಿಕನರು 1942ರ ಮೇ ತಿಂಗಳಲ್ಲಿ ನಕ್ಷತ್ರದ ನಡುವಣ ಕೆಂಪನ್ನು ತೆಗೆದುಹಾಕಿದರು. 1943ರಲ್ಲಿ ನಕ್ಷತ್ರದ ಎರಡು ಪಕ್ಕಗಳಲ್ಲಿ ಬಿಳಿಯ ಪಟ್ಟಿಗಳನ್ನು ಸೇರಿಸಿ, ಸುತ್ತಲೂ ಕೆಂಪು ಅಂಚನ್ನು ಕೊಟ್ಟರು. ಆ ತೆಳುವಾದ ಅಂಚು ಕೂಡ ಗೊಂದಲಕ್ಕೆ ಎಡೆಮಾಡೀತೆಂಬ ಭಯದಿಂದ ಕೆಲವೇ ತಿಂಗಳಲ್ಲಿ ಅದನ್ನು ನೀಲಿಗೆ ಬದಲಾಯಿಸಿದರು. ಬ್ರಿಟಿಷರೂ ಬರ್ಮಾ ರಂಗದಲ್ಲಿ ಕೆಂಪನ್ನು ಕೈಬಿಟ್ಟು, ಕಡುನೀಲಿಯ ನಡುವೆ ತಿಳಿನೀಲಿಯನ್ನಿರಿಸಿದ ವೃತ್ತವನ್ನು ಬಳಕೆಗೆ ತಂದರು. 1932ರ ಅಕ್ಟೋಬರ್ 8ರಂದು ಸ್ಥಾಪಿತವಾಗಿದ್ದ ಭಾರತೀಯ ವಾಯುಪಡೆಯೂ ಬರ್ಮಾದ ಕಾಡುಗಳ ಮೇಲೆ ಇದೇ ನೀಲಿಯ ಗುರುತನ್ನು ಧರಿಸಿ ಹೋರಾಡಿತು. ಒಂದು ಬಣ್ಣವನ್ನು ಒರಸಿಹಾಕಿದ್ದರಿಂದ ಎಷ್ಟು ಜೀವಗಳು ಉಳಿದುವೆಂದು ಲೆಕ್ಕ ಹಾಕುವುದು ಅಸಾಧ್ಯ. ಆದರೆ ಮೂರು ಸೇನೆಗಳು ತಮ್ಮ ಅಭಿಮಾನದ ಲಾಂಛನವನ್ನೇ ಬದಲಿಸಿಕೊಳ್ಳಲು ಒಪ್ಪಿದುವೆಂಬುದರಿಂದ ಅಪಾಯದ ಗಾತ್ರವನ್ನು ಊಹಿಸಬಹುದು.

ಅದೇ ಯುದ್ಧದಲ್ಲಿ ಮರೆಬಣ್ಣವೂ ಒಂದು ಶಾಸ್ತ್ರವಾಗಿ ಬೆಳೆಯಿತು. ಬ್ರಿಟನ್ನಿನ ವಿಮಾನಗಳ ಮೇಲ್ಮೈಗೆ ಹೊಲಗಾಡುಗಳನ್ನು ಹೋಲುವ ಹಸಿರು ಹಾಗೂ ಕಂದು, ಕೆಳಮೈಗೆ ಆಕಾಶದ ತಿಳಿಛಾಯೆ ಬಂದುವು. ಮರಳುಗಾಡಿಗೆ ಹೋದ ವಿಮಾನಗಳು ಮರಳಿನ ಬಣ್ಣವನ್ನು ತಾಳಿದುವು. ಬೆಳಗಿನ ಹಾಗೂ ಸಂಜೆಯ ಮೋಡಗಳ ಅಡಿಯಲ್ಲಿ ಹಾರಿ ಛಾಯಾಚಿತ್ರ ತೆಗೆಯುತ್ತಿದ್ದ ಕೆಲವು ಸ್ಪಿಟ್‌ಫೈರ್ ವಿಮಾನಗಳಿಗೆ ನಸುಗುಲಾಬಿ ಬಣ್ಣವನ್ನೇ ಬಳಿದರು. ಕೆಲವು ನಂಬಿಕೆಗಳು ಸುಳ್ಳೆಂದೂ ತಿಳಿದುಬಂದಿತು. ರಾತ್ರಿಯ ವಿಮಾನಕ್ಕೆ ಹೊಳಪಿಲ್ಲದ ಕಪ್ಪೇ ಲೇಸೆಂದು ತೋರುವುದು ಸಹಜ. ಆದರೆ ಅಮೆರಿಕದಲ್ಲಿ ನಡೆದ ಪ್ರಯೋಗಗಳಿಂದ, ಶೋಧಕದೀಪದ ಬೆಳಕಿನಲ್ಲಿ ಹೊಳೆಯುವ ಕಪ್ಪೇ ಹೆಚ್ಚು ಮರೆಯಾಗುವುದೆಂದು ಗೊತ್ತಾಯಿತು. ಹೊಳಪಿಲ್ಲದ ಮೈ ಬೆಳಕನ್ನು ಎಲ್ಲ ಕಡೆಗೂ ಚೆದರಿಸುತ್ತದೆ. ಹೊಳಪಿನ ಮೈ ಕನ್ನಡಿಯಂತೆ ಅದನ್ನು ಬೇರೊಂದು ದಿಕ್ಕಿಗೆ ದೂಡುತ್ತದೆ.

ಬೆಳಗುವ ಬಾನಿನ ಎದುರು ಹದ್ದು ಕಪ್ಪಾಗಿ ಕಾಣುವ ತೊಡಕಿಗೂ ಒಂದು ವಿಚಿತ್ರ ಪರಿಹಾರವನ್ನು ಹುಡುಕಿದರು. ಹಿಂದಿನಿಂದ ಬೆಳಕು ಬರುತ್ತಿರುವಾಗ ಬಿಳಿಯ ಬಣ್ಣ ಬಳಿದರೂ ವಿಮಾನ ಕಪ್ಪಾಗಿಯೇ ಕಾಣುವುದು. ಆದ್ದರಿಂದ ಅಮೆರಿಕದ ನೌಕಾದಳವು 1943ರ ಸುಮಾರಿಗೆ ವಿಮಾನದ ರೆಕ್ಕೆಯ ಮುಂಚೂಣಿಯಲ್ಲಿ ದೀಪಗಳನ್ನು ಜೋಡಿಸಿ, ಅವುಗಳ ಬೆಳಕು ಆಕಾಶದ ಬೆಳಕಿಗೆ ಸರಿಸಮನಾಗುವಂತೆ ಮಾಡಿತು. ದೀಪ ಹಚ್ಚಿಕೊಂಡು ಮರೆಯಾಗುವ ಈ ಉಪಾಯವು ಪ್ರಯೋಗದಲ್ಲಿ ಸಫಲವಾಯಿತು. ದೀಪ ಹೊತ್ತ ವಿಮಾನವು ಬಹಳ ಸಮೀಪಕ್ಕೆ ಬರುವವರೆಗೂ ನೋಡುವವರ ಕಣ್ಣಿಗೆ ಬೀಳಲಿಲ್ಲ. ಅಷ್ಟರಲ್ಲಿ ರೇಡಾರ್ ಯಂತ್ರವು ಬಳಕೆಗೆ ಬಂದುದರಿಂದ ಅದು ಮೂಲೆಗೆ ಸರಿಯಿತು.

ಯುದ್ಧದ ಕೊನೆಯ ಭಾಗದಲ್ಲಿ ತಕ್ಕಡಿ ಗುರುತಿನ ಕಡೆಗೆ ವಾಲಿತು. ಆಕಾಶದ ಮೇಲೆ ಹಿಡಿತ ಸಾಧಿಸಿದ ಅಮೆರಿಕನರು 1944ರ ಆರಂಭದಿಂದ ಅನೇಕ ವಿಮಾನಗಳಿಗೆ ಬಣ್ಣ ಹಚ್ಚುವುದನ್ನೇ ನಿಲ್ಲಿಸಿದರು. ಬಣ್ಣವಿಲ್ಲದಿದ್ದರೆ ಭಾರ ಕಡಿಮೆ, ವೇಗ ಹೆಚ್ಚು. 1944ರ ಜೂನ್ 6ರಂದು ಮಿತ್ರಸೇನೆಗಳು ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಇಳಿದಾಗ, ಸಾವಿರಾರು ವಿಮಾನಗಳ ರೆಕ್ಕೆಗಳ ಮೇಲೆ ಕಪ್ಪುಬಿಳುಪಿನ ದಪ್ಪ ಪಟ್ಟೆಗಳಿದ್ದುವು. ಆ ದಿನ ಶತ್ರುವಿಗೆ ಕಾಣುವ ಅಪಾಯಕ್ಕಿಂತ ತನ್ನವರ ಗುಂಡಿನ ಅಪಾಯವೇ ಹೆಚ್ಚಿನದೆಂದು ಸೇನಾನಾಯಕರು ಬಗೆದಿದ್ದರು.

ಭಾರತ ಸ್ವತಂತ್ರವಾದ ಮೇಲೆ ಲಾಂಛನವೂ ಸ್ವತಂತ್ರವಾಗಬೇಕಾಯಿತು. ಕೆಲಕಾಲ ನಮ್ಮ ವಿಮಾನಗಳ ಮೇಲೆ ನೀಲಿಯ ಅಶೋಕಚಕ್ರವು ಬೆಳಗಿತು. ಅದು ಅರ್ಥದಲ್ಲಿ ಹಿರಿದಾದ ಚಿಹ್ನೆ. ಆದರೆ ದೂರದಿಂದ ನೋಡಿದಾಗ ಚಕ್ರದ ಸಣ್ಣ ಅರಗಳು ಒಂದರೊಡನೊಂದು ಬೆರೆತುಹೋಗುತ್ತವೆ. ಗಣರಾಜ್ಯವಾದ 1950ರಿಂದ ಕೇಸರಿ, ಬಿಳಿ, ಹಸಿರುಗಳ ಮೂರು ವೃತ್ತಗಳ ಲಾಂಛನ ಬಂದಿತು. ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ವಿಮಾನದ ಬಾಲದಲ್ಲಿ ನೆಟ್ಟಗೆ ನಿಂತಿರುವ ರೆಕ್ಕೆಯ ಮೇಲೆಯೂ ಅವೇ ಮೂರು ಬಣ್ಣಗಳ ಪಟ್ಟಿಗಳಿರುತ್ತವೆ. ಈ ಬದಲಾವಣೆಯ ಕಾಲದಲ್ಲಿ ಬೆಂಗಳೂರಿನ ಕಾರ್ಖಾನೆ ಒಂದು ಸಾಹಸವನ್ನು ಮಾಡಿತು. ಮಹಾಯುದ್ಧ ಮುಗಿದಾಗ ಲಿಬರೇಟರ್ ಎಂಬ ನಾಲ್ಕು ಎಂಜಿನುಗಳ ದೊಡ್ಡ ಬಾಂಬರ್ ವಿಮಾನಗಳನ್ನು ಕಾನ್ಪುರದಲ್ಲಿ ಗುಜರಿಯಾಗಿ ಬಿಟ್ಟುಹೋಗಿದ್ದರು. 1948ರ ಹೊತ್ತಿಗೆ ಅವುಗಳನ್ನು ಬೆಂಗಳೂರಿಗೆ ತಂದು, ಸಜ್ಜುಗೊಳಿಸಿ, ವಾಯುಪಡೆಗೆ ಒಪ್ಪಿಸಿದರು. ಪರರ ಗುರುತನ್ನು ಹೊತ್ತು ಬಂದ ವಿಮಾನಗಳು ಭಾರತದ ಗುರುತನ್ನು ತೊಟ್ಟು ಮೇಲೆದ್ದುವು.

ಸ್ವಾತಂತ್ರ್ಯಾನಂತರದ ಮೊದಲ ವರ್ಷಗಳಲ್ಲಿ ಮರೆಬಣ್ಣದ ಕಡೆಗೆ ಹೆಚ್ಚಿನ ಗಮನವಿರಲಿಲ್ಲ. ಹಂಟರ್ ವಿಮಾನಗಳು ಹಸಿರು ಮತ್ತು ಬೂದುಬಣ್ಣದಲ್ಲಿ ಬಂದಿದ್ದರೂ ಮಿಸ್ಟೇರ್, ನ್ಯಾಟ್ ಮೊದಲಾದವು ಬೆಳ್ಳಿಯಂತೆ ಹೊಳೆಯುವ ಲೋಹದ ಮೈಯಲ್ಲಿಯೇ ಇದ್ದುವು. 1965ರ ಸೆಪ್ಟೆಂಬರಿನಲ್ಲಿ ಪಾಕಿಸ್ತಾನದೊಡನೆ ಯುದ್ಧ ನಡೆದಾಗ ಪಠಾಣಕೋಟೆ ಹಾಗೂ ಕಲೈಕುಂಡ ನೆಲೆಗಳ ಮೇಲೆ ಶತ್ರುವಿಮಾನಗಳು ಎರಗಿ, ನೆಲದ ಮೇಲೆ ನಿಂತಿದ್ದ ಹಲವು ವಿಮಾನಗಳನ್ನು ನಾಶಮಾಡಿದುವು. ಅದೇ ದಿನಗಳಲ್ಲಿ, ಸೆಪ್ಟೆಂಬರ್ 7ರಂದು, ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು ಮಿಸ್ಟೇರ್ ವಿಮಾನದಲ್ಲಿ ಸರಗೋಧಾದ ಮೇಲಿನ ದಾಳಿಗೆ ಹೋಗಿ, ತಮ್ಮದಕ್ಕಿಂತ ಬಹಳ ವೇಗವುಳ್ಳ ಸ್ಟಾರ್‌ಫೈಟರ್ ವಿಮಾನವನ್ನು ಕೆಡವಿ ವೀರಮರಣವನ್ನಪ್ಪಿದರು. ಅವರ ಸಾಹಸ ಬೆಳಕಿಗೆ ಬಂದು, ಅವರಿಗೆ ಮರಣೋತ್ತರ ಮಹಾವೀರಚಕ್ರ ಸಂದದ್ದು 1988ರಲ್ಲಿ.

ವಿಮಾನ ಅತ್ಯಂತ ಅಸಹಾಯಕವಾಗಿರುವುದು ಹಾರುತ್ತಿರುವಾಗ ಅಲ್ಲ, ನೆಲದ ಮೇಲೆ ನಿಂತಿರುವಾಗ ಎಂಬ ಪಾಠವನ್ನು ಈ ಯುದ್ಧ ಕಲಿಸಿತು. ಬಿಸಿಲಿಗೆ ಹೊಳೆಯುವ ಲೋಹ ಹರದಾರಿ ದೂರದಿಂದಲೇ ಶತ್ರುವನ್ನು ಕರೆಯುತ್ತದೆ. ಹಾಗಾಗಿ ಹಸಿರು, ಕಂದು, ಮಣ್ಣಿನ ಬಣ್ಣಗಳನ್ನು ಅವಸರದಿಂದ ಬಳಿಯುವ ಕೆಲಸ ನೆಲೆನೆಲೆಗಳಲ್ಲಿಯೂ ನಡೆಯಿತು. 1971ರ ಯುದ್ಧದ ವೇಳೆಗೂ ಮಿಗ್-21 ವಿಮಾನಗಳ ಮೈಬಣ್ಣಕ್ಕೆ ಒಂದೇ ಕ್ರಮವೆಂಬುದಿರಲಿಲ್ಲ. ಆಯಾ ಸ್ಕ್ವಾಡ್ರನ್ನಿನವರು ಕೈಗೆ ಸಿಕ್ಕಿದ ಬಣ್ಣವನ್ನು ತಮಗೆ ತೋಚಿದ ವಿನ್ಯಾಸದಲ್ಲಿ ಬಳಿದುಕೊಂಡರು. ಬೆಂಗಳೂರಿನಲ್ಲಿಯೇ ರೂಪುಗೊಂಡು 1961ರಲ್ಲಿ ಮೊದಲು ಹಾರಿದ ಮಾರುತ ವಿಮಾನವು ಈ ಯುದ್ಧದಲ್ಲಿ ರಾಜಸ್ಥಾನದ ಮರುಭೂಮಿಯ ಮೇಲೆ ಹೋರಾಡಿತು. ಇಂದು ಅದು ಸೇವೆಯಲ್ಲಿಲ್ಲ. ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಆವರಣದಲ್ಲಿಯೂ, ಎಚ್‌ಎಎಲ್ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿಯೂ ಅದನ್ನು ವಿದ್ಯಾರ್ಥಿಗಳು ಹತ್ತಿರದಿಂದ ನೋಡಬಹುದು.

1971ರ ಡಿಸೆಂಬರಿನಲ್ಲಿ ಗುಜರಾತಿನ ಭುಜ್ ವಿಮಾನನೆಲೆಯಲ್ಲಿ ನಡೆದ ಘಟನೆ ಮರೆಬಣ್ಣದ ಇತಿಹಾಸದಲ್ಲಿ ಎಂದಿಗೂ ಮರೆಯಲಾಗದ್ದು. ಬಾಂಬುಗಳಿಂದ ಹಾಳಾದ ಓಡುದಾರಿಯನ್ನು ಸರಿಪಡಿಸಲು ನೆರೆಯ ಮಾಧಾಪರ ಗ್ರಾಮದ ಸುಮಾರು 300 ಮಹಿಳೆಯರು ಮುಂದೆ ಬಂದರು. ಶತ್ರುವಿಮಾನಗಳು ಮೇಲಿನಿಂದ ಗುರುತಿಸದಿರಲೆಂದು ಅವರು ತಿಳಿಹಸಿರು ಬಣ್ಣದ ಸೀರೆಗಳನ್ನು ಉಟ್ಟು ಕೆಲಸಮಾಡಿದರು. ಅಪಾಯದ ಸೈರನ್ ಕೂಗಿದಾಗ ಓಡಿಹೋಗಿ ಪೊದೆಗಳಲ್ಲಿ ಅಡಗುವರು. ಅಪಾಯ ಸರಿದೊಡನೆ ಮತ್ತೆ ಬಂದು ಕಲ್ಲುಮಣ್ಣು ಹೊರುವರು. ಓಡುದಾರಿಗೆ ಸಗಣಿಯನ್ನು ಸಾರಿಸಿ ಅದನ್ನೂ ಮರೆಮಾಡಿದರು. 72 ಗಂಟೆಗಳಲ್ಲಿ ವಿಮಾನಗಳು ಮತ್ತೆ ಹಾರುವಂತಾಯಿತು. ಅಂಗಳವನ್ನು ಸಾರಿಸಿ ಅಭ್ಯಾಸವಿದ್ದ ಕೈಗಳು ಅಂದು ದೇಶದ ಅಂಗಳವನ್ನು ಸಾರಿಸಿದುವು.

ಮುಂದಿನ ದಶಕಗಳಲ್ಲಿ ಹಸಿರು ಕಂದುಗಳು ಮೆಲ್ಲನೆ ಹಿಂದೆ ಸರಿದು ಬೂದುಬಣ್ಣ ಮುಂದೆ ಬಂದಿತು. ಇದಕ್ಕೆ ಕಾರಣವನ್ನು ನಮ್ಮ ಗಾದೆಯೊಂದರ ನೆರವಿನಿಂದ ತಿಳಿಯಬಹುದು: ದೂರದ ಬೆಟ್ಟ ನುಣ್ಣಗೆ. ನಂದಿಬೆಟ್ಟದ ಮರಗಳು ಹಸಿರು, ಬಂಡೆಗಳು ಕಪ್ಪು. ಆದರೆ ಬಹುದೂರದಿಂದ ನೋಡುವವರಿಗೆ ಇಡೀ ಬೆಟ್ಟ ನೀಲಿಛಾಯೆಯ ಬೂದುಬಣ್ಣದ ಒಂದು ಗುಡ್ಡೆ. ನಡುವಣ ಗಾಳಿಯ ಕಣಗಳೂ ಧೂಳೂ ಬೆಳಕನ್ನು ಚೆದರಿಸುವುದರಿಂದ ದೂರದ ವಸ್ತುಗಳೆಲ್ಲ ತಮ್ಮ ಸ್ವಂತ ಬಣ್ಣವನ್ನು ಕಳೆದುಕೊಂಡು ಬೂದಾಗುತ್ತವೆ. ಎತ್ತರದಲ್ಲಿ ಹಾರುವ ವಿಮಾನಕ್ಕೆ ಹಿನ್ನೆಲೆಯಾಗುವುದು ಹೊಲವಲ್ಲ, ಈ ಮಬ್ಬು. ಹೊಳಪಿಲ್ಲದ ತಿಳಿಬೂದು ಆ ಮಬ್ಬಿನಲ್ಲಿ ಸುಲಭವಾಗಿ ಬೆರೆಯುತ್ತದೆ. ಬೆಂಗಳೂರಿನಲ್ಲಿ 1980ರ ದಶಕದಿಂದ ತಯಾರಾದ ಜಾಗ್ವಾರ್ ವಿಮಾನಗಳು ನೆಲಕ್ಕೆ ಸಮೀಪವಾಗಿ ಹಾರಿ ದಾಳಿಮಾಡುವಂಥವು. ಆದ್ದರಿಂದ ಅವುಗಳ ಬೆನ್ನಿಗೆ ಹಸಿರಿನ ಅಗತ್ಯವಿತ್ತು. 2001ರ ಜನವರಿ 4ರಂದು ಬೆಂಗಳೂರಿನಿಂದ ಮೊದಲು ಹಾರಿ, 2016ರಲ್ಲಿ ವಾಯುಪಡೆಯನ್ನು ಸೇರಿದ ತೇಜಸ್ ವಿಮಾನವು ಎತ್ತರದಲ್ಲಿ ಹೋರಾಡುವುದು. ಸೇವೆಯಲ್ಲಿ ಅದರ ಮೈ ಬೂದು. ಕೆನಡಾದೇಶದ ಕೆಲವು ವಿಮಾನಗಳ ಹೊಟ್ಟೆಯ ಮೇಲೆ ಚಾಲಕನ ಗಾಜಿನ ಗೂಡಿನ ಸುಳ್ಳುಚಿತ್ರವನ್ನೂ ಬರೆದಿದ್ದಾರೆ. ವಿಮಾನ ಯಾವ ಕಡೆಗೆ ಹೊರಳುತ್ತಿದೆಯೆಂಬುದರಲ್ಲಿ ಶತ್ರು ಒಂದು ಕ್ಷಣ ತಬ್ಬಿಬ್ಬಾದರೂ ಸಾಕು, ಆ ಚಿತ್ರದ ಕೆಲಸವಾಯಿತು.

ಇಷ್ಟೆಲ್ಲ ಬಣ್ಣವೂ ಮನುಷ್ಯನ ಕಣ್ಣನ್ನು ಮೋಸಗೊಳಿಸಬಲ್ಲುದೇ ಹೊರತು ಯಂತ್ರದ ಕಣ್ಣನ್ನಲ್ಲ. ರೇಡಾರ್ ನೋಡುವುದು ಬಣ್ಣವನ್ನಲ್ಲ, ತಾನು ಕಳುಹಿಸಿದ ರೇಡಿಯೋ ಅಲೆಯ ಮಾರ್ದನಿಯನ್ನು. ಶಾಖವನ್ನು ಅರಸಿ ಬರುವ ಕ್ಷಿಪಣಿ ಎಂಜಿನಿನ ಬಿಸಿಯನ್ನು ಹಿಂಬಾಲಿಸುತ್ತದೆ. ಆದುದರಿಂದ ಮರೆಯೆಂಬುದು ಕುಂಚದಿಂದ ವಿಮಾನದ ಆಕಾರಕ್ಕೇ ದಾಟಿತು. 1981ರಲ್ಲಿ ಮೊದಲು ಹಾರಿದ ಅಮೆರಿಕದ ಎಫ್-117 ವಿಮಾನದ ಮೈಯನ್ನು ಚಪ್ಪಟೆಯಾದ ಮುಖಗಳಿಂದ ಕಟ್ಟಿ, ರೇಡಾರಿನ ಅಲೆಗಳು ಬಂದ ದಾರಿಯಲ್ಲಿ ಮರಳದೆ ಬೇರೆಡೆಗೆ ಚೆದರುವಂತೆ ಮಾಡಿದರು. ಅಲೆಗಳನ್ನು ಹೀರಿಕೊಳ್ಳುವ ಲೇಪವನ್ನೂ ಬಳಿದರು. ಆದರೂ 1999ರಲ್ಲಿ ಸರ್ಬಿಯಾದ ಮೇಲೆ ಅಂಥದೊಂದು ವಿಮಾನವು ಕ್ಷಿಪಣಿಗೆ ತುತ್ತಾಯಿತು. ಪರಿಪೂರ್ಣವಾದ ಮರೆಯೆಂಬುದು ಇಲ್ಲ. ಈ ಬಗೆಯ ಮರೆಯುಳ್ಳ ಭಾರತೀಯ ಯುದ್ಧವಿಮಾನವೊಂದರ ವಿನ್ಯಾಸವೂ ಬೆಂಗಳೂರಿನಲ್ಲಿಯೇ ನಡೆದಿದ್ದು, ಅದರ ಪೂರ್ಣಗಾತ್ರದ ಮಾದರಿಯನ್ನು 2025ರ ಫೆಬ್ರವರಿಯಲ್ಲಿ ಯಲಹಂಕದ ವೈಮಾನಿಕ ಪ್ರದರ್ಶನದಲ್ಲಿ ಇರಿಸಲಾಗಿತ್ತು.

ಮರೆ ಯಂತ್ರಮಯವಾದಂತೆ ಗುರುತೂ ಯಂತ್ರಮಯವಾಯಿತು. ನೆಲದ ಮೇಲಿನ ಉಪಕರಣವು ರೇಡಿಯೋ ಅಲೆಗಳ ಮೂಲಕ 'ನೀನು ಯಾರು?' ಎಂದು ಕೇಳುತ್ತದೆ. ವಿಮಾನದಲ್ಲಿರುವ ಉಪಕರಣವು ಗೂಢಸಂಕೇತದಲ್ಲಿ ಉತ್ತರಿಸುತ್ತದೆ. ಇದು ಎರಡನೆಯ ಮಹಾಯುದ್ಧದ ಕಾಲದಲ್ಲಿಯೇ ಆರಂಭವಾದ ಪದ್ಧತಿ. ಆದರೆ ಈ ಏರ್ಪಾಟನ್ನು ನಡೆಸುವವರೂ ಮನುಷ್ಯರೇ. 2019ರ ಫೆಬ್ರವರಿ 27ರಂದು ಕಾಶ್ಮೀರದ ಬಡಗಾಮಿನಲ್ಲಿ ನಮ್ಮ ವಾಯುಪಡೆಯ ಹೆಲಿಕಾಪ್ಟರೊಂದು ನಮ್ಮದೇ ಕ್ಷಿಪಣಿಗೆ ಗುರಿಯಾಗಿ ಉರುಳಿತು. ಅದರಲ್ಲಿದ್ದ ಆರು ಮಂದಿ ಯೋಧರೂ, ನೆಲದ ಮೇಲಿದ್ದ ನಾಗರಿಕನೊಬ್ಬನೂ ಮಡಿದರು. ಅದು ದೊಡ್ಡ ತಪ್ಪೆಂದು ವಾಯುಪಡೆಯ ಮುಖ್ಯಸ್ಥರು ಅದೇ ವರ್ಷದ ಅಕ್ಟೋಬರಿನಲ್ಲಿ ಬಹಿರಂಗವಾಗಿ ಒಪ್ಪಿಕೊಂಡರು. 1914ರಲ್ಲಿ ಬಟ್ಟೆಯ ರೆಕ್ಕೆಯ ಮೇಲೆ ಧ್ವಜವನ್ನು ಬರೆಯಿಸಿದ ಪ್ರಶ್ನೆ ನೂರು ವರ್ಷಗಳಾಚೆಗೂ ಪ್ರಶ್ನೆಯಾಗಿಯೇ ಉಳಿದಿದೆ.

ಮರೆಯ ಹಂಗೇ ಇಲ್ಲದ ವಿಮಾನಗಳೂ ಸೇನೆಯಲ್ಲಿವೆ. ಕಲಿಯುವವರು ಹಾರಿಸುವ ವಿಮಾನಗಳಿಗೆ ಹಳದಿ, ಕಿತ್ತಳೆ, ಕೆಂಪುಗಳಂಥ ಎದ್ದುಕಾಣುವ ಬಣ್ಣಗಳನ್ನು ಹಚ್ಚುವುದು ವಾಡಿಕೆ; ಇತರರು ದೂರದಿಂದಲೇ ಕಂಡು ದಾರಿ ಬಿಡಲೆಂಬುದು ಅದರ ಉದ್ದೇಶ. 1996ರಲ್ಲಿ ಬೀದರಿನ ವಾಯುನೆಲೆಯಲ್ಲಿ ರೂಪುಗೊಂಡ ಸೂರ್ಯಕಿರಣ ತಂಡದ ವಿಮಾನಗಳು ಕೆಂಪು ಬಿಳುಪುಗಳಿಂದ ಮೆರೆಯುತ್ತವೆ. 2003ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸಾರಂಗ ತಂಡದ ಧ್ರುವ ಹೆಲಿಕಾಪ್ಟರುಗಳ ಮೈಮೇಲೆ ನವಿಲು ಗರಿಗೆದರಿದೆ. ಶಾಂತಿಯ ಕಾಲದಲ್ಲಿ ಯೋಧನು ತನ್ನ ಜನರ ಮುಂದೆ ಬರುವಾಗ ಅಡಗಬೇಕಾದ ಕಾರಣವಿಲ್ಲ.

ಮರೆಗೂ ಗುರುತಿಗೂ ನಡೆದ ಈ ದೀರ್ಘವಾದ ಜಗ್ಗಾಟದಲ್ಲಿ ಮನುಷ್ಯಕುಲ ಒಂದು ಗೆರೆಯನ್ನು ಎಳೆದುಕೊಂಡಿದೆ. ಮರೆಬಣ್ಣವನ್ನು ಹಚ್ಚಿಕೊಳ್ಳುವುದು ಯುದ್ಧತಂತ್ರ. ಅದಕ್ಕೆ ಅಂತರರಾಷ್ಟ್ರೀಯ ನಿಯಮಗಳಲ್ಲಿ ನಿಷೇಧವಿಲ್ಲ. ಆದರೆ ಶತ್ರುವಿನ ಲಾಂಛನವನ್ನು ತೊಟ್ಟು ಶತ್ರುವಿನ ಮೇಲೆ ದಾಳಿಮಾಡುವುದನ್ನು 1977ರ ಜಿನೀವಾ ಹೆಚ್ಚುವರಿ ಒಡಂಬಡಿಕೆಯು ನಿಷೇಧಿಸಿದೆ. ಕೆಂಪು ಶಿಲುಬೆಯ ಗುರುತಿನ ದುರುಪಯೋಗಕ್ಕೂ ನಿಷೇಧವಿದೆ. ಏಕೆಂದರೆ ಆ ಗುರುತಿನ ಮೇಲಿನ ನಂಬಿಕೆ ಕೆಟ್ಟರೆ ಗಾಯಾಳುಗಳನ್ನು ಹೊತ್ತೊಯ್ಯುವ ವಾಹನಕ್ಕೂ ರಕ್ಷಣೆಯಿರದು. ಅಡಗುವುದು ಬೇರೆ, ಸುಳ್ಳಾಡುವುದು ಬೇರೆ. ಬನ್ನಿಮರದ ಬುಡದಲ್ಲಿ ಉತ್ತರನ ಧ್ವಜವನ್ನು ಇಳಿಸಿ ತನ್ನ ಧ್ವಜವನ್ನೇರಿಸಿದ ಅರ್ಜುನನಿಗೆ ಈ ಭೇದ ತಿಳಿದಿತ್ತು. ಬೂದುಬಣ್ಣದಲ್ಲಿ ಮೈಮರೆಸಿಕೊಂಡು ಹಾರುವ ಯುದ್ಧವಿಮಾನದ ರೆಕ್ಕೆಯ ಮೇಲೆ ಇಂದಿಗೂ, ಎಷ್ಟೇ ಚಿಕ್ಕದಾಗಿರಲಿ, ಮೂರು ಬಣ್ಣಗಳ ವೃತ್ತವೊಂದು ಉಳಿದುಕೊಂಡಿರುವುದರ ಅರ್ಥವೂ ಇದೇ ಆಗಿದೆ.